‘ಬರ್ತೀವಿ’ ಅನ್ನದೆ ಬಂದೆವು

ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಕ್ಯಾರಿಯರ್ ತುಂಬ ಅನ್ನ, ಸಾರು, ಪಲ್ಯ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಲ್ಲಿಗೆ ಅಂದೆ. ವಿಜಯನಗರಕ್ಕೆ, ತಮ್ಮನ ಮನೆಗೆ, ಅಲ್ಲಿ ಒಲೆ ಹಚ್ಚಿರುವುದಿಲ್ಲ ಅಂದಳು.

ಯಾರು ಹೋಗಿಬಿಟ್ಟರು ಅಂತ ಗಾಬರಿಯಾಗಬೇಡಿ. ಸತ್ತದ್ದು ಒಂದು ಯಂತ್ರ.

ನನ್ನ ಭಾವಮೈದುನ ನಾಗರಾಜ ಉಪಗ್ರಹದೊಳಗೆ ಕೂರಿಸುವ ಒಂದು ಡಿಟೆಕ್ಟರ್ ಕಟ್ಟಿದವರಲ್ಲಿ ಒಬ್ಬ. ಆಕಾಶದಲ್ಲಿ ಎಲ್ಲೋ ಇದ್ದಕ್ಕಿದ್ದಂತೆ ಗಾಮಾ ಕಿರಣ ಸಿಡಿಯುತ್ತದಂತೆ. ಕೆಲವು ಸೆಕೆಂಡು, ಅಷ್ಟೆ. ಯಾಕೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. (ಗೊತ್ತಿಲ್ಲದ್ದಕ್ಕೂ ಸಂಬಳ ಕೊಡುತ್ತಾರಲ್ಲೋ ಅಂತ ನಾನು ರೇಗಿಸುತ್ತಿದ್ದೆ.) ಗಾಳಿ ಅದನ್ನು ನೆಲಕ್ಕೆ ಬಿಡುವುದಿಲ್ಲ, ಮೇಲೆ ಹೋಗಿಯೇ ಅಳೆಯಬೇಕು. ಯಂತ್ರ ಸದಾ ಕಿರಣ ಎಣಿಸುತ್ತಾ ಕಾಯಬೇಕು. ಎಣಿಕೆ ದಿಢೀರನೆ ಏರಿದರೆ ಗುರುತಿಟ್ಟುಕೊಳ್ಳಬೇಕು.

ಹೋದ ವರ್ಷ ಅದನ್ನು ಹೊತ್ತ ರಾಕೆಟ್ ಸಮುದ್ರಕ್ಕೆ ಬಿತ್ತು. ಇನ್ನೊಂದು ಯಂತ್ರ ಕಟ್ಟಿದರು. ಮೊನ್ನೆ ಅದೂ ಬಿತ್ತು. ಎರಡರಲ್ಲಿ ಒಂದಾದರೂ ಒಂದೇ ಒಂದು ಸಿಡಿತ ಕಂಡಿದ್ದರೆ!

ಬಸ್ಸು ಹೊಸಹಳ್ಳಿ ದಾಟುವಾಗ ಹಿಂದಿನ ಸೀಟಿನವರು ಪೇಪರ್ ಹಿಡಿದು, ಇದಕ್ಕಿಂತ ದೀಪಾವಳಿ ರಾಕೆಟ್ಟೇ ವಾಸಿ ಅಂತ ನಗುತ್ತಿದ್ದರು. ನನ್ನ ಹೆಂಡತಿ ಕ್ಯಾರಿಯರನ್ನು ಮಡಿಲಲ್ಲಿ ಅವುಚಿಕೊಂಡಳು. ಎದ್ದು ಎರಡು ಬಿಡೋಣ ಅನ್ನಿಸಿತು. ನಮ್ಮ ಮನೆಯವನಲ್ಲದಿದ್ದರೆ ನಾನೂ ನಗುತ್ತಿದ್ದೆನೇನೋ.

ನಾಗರಾಜ ಗಡ್ಡ ಬೋಳಿಸಿರಲಿಲ್ಲ. ಅಕ್ಕ ಬಡಿಸಿದ್ದನ್ನು ಕಲಸುತ್ತಾ ಕೂತ, ಉಣ್ಣಲಿಲ್ಲ. ಸಮಾಧಾನ ಹೇಳಲೇಬೇಕಲ್ಲ? ಮತ್ತೊಂದು ಕಟ್ಟಿದರಾಯಿತು ಬಿಡು ಅಂದೆ.

“ಕಟ್ಟೋರು ಕಟ್ತಾರೆ ಭಾವ, ನನ್ನ ಕೈಲಿ ಇನ್ನಾಗಲ್ಲ. ಇವತ್ತು ಸಿಡಿದಿದ್ದು ನಾಳೆ ಸಿಗಲ್ಲ. ಅದು ಬರ್ತೀನಿ ಅಂತ ಹೇಳಿ ಹೋಗೋ ಜಾತಿ ಅಲ್ಲ.”

ಇಂಥ ದುಃಖಕ್ಕೆ ನಮ್ಮಲ್ಲಿ ಶಾಸ್ತ್ರವೂ ಇಲ್ಲ, ರಜೆಯೂ ಇಲ್ಲ. ಸೋಮವಾರ ಅವನು ಅದೇ ಆಫೀಸಿಗೆ ಹೋಗಬೇಕು.

ಸ್ವಲ್ಪ ಹೊತ್ತಿಗೆ ನನ್ನ ಹೆಂಡತಿ ಸುಮ್ಮನೆ ಎದ್ದು ಚಪ್ಪಲಿ ಮೆಟ್ಟಿದಳು. ನಾನೂ ಹಿಂದೆಯೇ ನಡೆದೆ. ನಾಗರಾಜ ಗೇಟಿನವರೆಗೆ ಬಂದ.

“ಯಾಕಕ್ಕಾ, ಬರ್ತೀವಿ ಅನ್ಲಿಲ್ಲ?”

ಅವಳಿಗೆ ಆಗಲೇ ಅರಿವಾದದ್ದು. ಸರಸರನೆ ಬಸ್ ಸ್ಟಾಪಿಗೆ ನಡೆದಳು. ನಮ್ಮ ರಾಜಾಜಿನಗರ ಬರುವವರೆಗೂ ಬಸ್ಸಿನಲ್ಲಿ ಅತ್ತಳು.

ಸಾವಿನ ಮನೆಯಿಂದ ಹೊರಡುವಾಗ ಹಾಗನ್ನಬಾರದು, ನಿಜ. ಸತ್ತವನೇ ಗೇಟಿನವರೆಗೆ ಬಂದು ಕೇಳಿದರೆ ಏನನ್ನಬೇಕು?