ಹೆಸರು ಹಿಡಿದು ಮಾಡುವ ಪ್ರಾರ್ಥನೆ

ಮನೆಮನೆಗೆ ಹೋಗಿ ಬೈಬಲ್ ಓದುತ್ತಿದ್ದ ಸುವಾರ್ತಮ್ಮ ಸೋಮವಾರ ಬೆಳಿಗ್ಗೆ ತೀರಿಕೊಂಡಳು. ಕೃಷ್ಣಾ ತೀರದ ಆ ಪಾಳ್ಯದ ಚರ್ಚಿನಲ್ಲಿ ಅವಳ ಪಕ್ಕದ ಚಾಪೆಯಲ್ಲೇ ಕೂತು ಮುದುಕಿಯಾದ ಏಸ್ತೇರಮ್ಮನಿಗೆ ಈಗ ಆರಾಧನೆ ಸಪ್ಪೆಯೆನಿಸುತ್ತದೆ. ಬಿಳಿ ಸೀರೆಯ ಸೆರಗನ್ನು ತಲೆಗೆ ಎಳೆದುಕೊಂಡು ಸುವಾರ್ತಮ್ಮ ಎದ್ದಳೆಂದರೆ ವಾರದ ಪತ್ರಿಕೆಯೆಲ್ಲ ಪ್ರಾರ್ಥನೆಯಾಗುತ್ತಿತ್ತು; ಗ್ಯಾಸಿನ ಬೆಲೆಯಿಂದ ಗಾಜಾದ ಮಕ್ಕಳವರೆಗೆ ಏನನ್ನೂ ಬಿಡುತ್ತಿರಲಿಲ್ಲ, ಯಾರ ಹೆಸರನ್ನೂ ನುಂಗುತ್ತಿರಲಿಲ್ಲ. "ದೇವರಿಗೆ ಎಲ್ಲಾ ಗೊತ್ತಲ್ವೇನೇ, ಬೇಗ ಮುಗಿಸು" ಎಂದು ಏಸ್ತೇರಮ್ಮ ಸೆರಗು ಜಗ್ಗಿದರೆ, "ಅವನಿಗೆ ಗೊತ್ತು ಕಣೇ, ನಿಮಗೆ ಗೊತ್ತಾಗ್ಲಿ ಅಂತ" ಎನ್ನುತ್ತಿದ್ದಳು. ಮರಳು ಲಾರಿ ಹರಿದು ದೀನಮ್ಮನ ಮಗ ಸತ್ತಾಗ ಠಾಣೆಯಲ್ಲಿ ಯಾರ ಹೆಸರೂ ದಾಖಲಾಗಲಿಲ್ಲ. ಸುವಾರ್ತಮ್ಮನ ಪ್ರಾರ್ಥನೆಯಲ್ಲಿ ಮಾತ್ರ ಲಾರಿಯ ಧಣಿ ವೀರರಾಘವಯ್ಯನ ಹೆಸರು ಪ್ರತಿ ಭಾನುವಾರ ಬರತೊಡಗಿತು. ಪಾದ್ರಿ ಕೈಮುಗಿದರು: "ಬೇಡಮ್ಮಾ, ನಮ್ಮ ಚಾವಣಿಗೆ ತಗಡು ಕೊಟ್ಟವರು ಅವರು." "ತಗಡು ಅವನದು ಅಯ್ಯಗಾರೂ, ಅದರ ಮೇಲಿನ ಆಕಾಶ ಯಾರದು?" ಎಂದಳು ಸುವಾರ್ತಮ್ಮ. ಅದೇ ಧಣಿಯ ತಾಯಿ ಹಾಸಿಗೆ ಹಿಡಿದಾಗ ಹಿತ್ತಲ ಬಾಗಿಲಿಂದ ಹೋಗಿ, ಆ ಮುದುಕಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಬರುತ್ತಿದ್ದವಳೂ ಇವಳೇ ಎಂಬುದು ಏಸ್ತೇರಮ್ಮನೊಬ್ಬಳಿಗೆ ಗೊತ್ತು. ಕೊನೆಯ ಭಾನುವಾರ ಪಾದ್ರಿ ಸುವಾರ್ತಮ್ಮನನ್ನು ಪ್ರಾರ್ಥನೆಗೆ ಕರೆಯದೆ ತಾವೇ ಪ್ರಾರ್ಥಿಸಿ, ಯಾರ ಹೆಸರನ್ನೂ ಎತ್ತದೆ ಮುಗಿಸಿದರು. ಸಭೆ ಆಮೆನ್ ಎನ್ನುವಷ್ಟರಲ್ಲಿ ಸುವಾರ್ತಮ್ಮ ಏಸ್ತೇರಮ್ಮನ ಭುಜ ಹಿಡಿದು ಎದ್ದಳು. "ತಡೀರಿ, ಇನ್ನೂ ಮುಗಿದಿಲ್ಲ. ತಂದೇ, ಸತ್ತವನು ದೀನಮ್ಮನ ಮಗ ಪ್ರಭುದಾಸು. ಕೊಂದದ್ದು ವೀರರಾಘವಯ್ಯನ ಲಾರಿ. ಇಬ್ಬರನ್ನೂ ನಿನ್ನ ಕೈಗೆ ಕೊಟ್ಟಿದ್ದೀನಿ" ಎಂದಳು. ಆಮೆನ್ ಕೂಡ ತಾನೇ ಹೇಳಿ ಕೂತಳು.