ಕೊಟ್ಟ ನೀರು

ಲಂಡನ್ನಿನ ಅಂಚಿನ ಪಿನ್ನರ್‌ನ ನನ್ನ ಮನೆಯಲ್ಲಿ, ಬಾಗಿಲು ತೆರೆದು ಒಳಗೆ ಬಂದರೆ ‘ಬಂದ್ಯಾ?’ ಎಂದು ಕೇಳುವವರು ಯಾರೂ ಇಲ್ಲ. ನಾನೂ ಗಂಡನೂ ಬೇರೆಯಾಗಿ ಆರು ವರ್ಷವಾಯಿತು. ಮಗಳು ಎಜ್‌ವೇರ್‌ನಲ್ಲಿ ಫ್ಲ್ಯಾಟ್ ಮಾಡಿಕೊಂಡಿದ್ದಾಳೆ. ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು ನಾನು. ಜನ ನನ್ನ ಜೊತೆ ಮಾತಾಡುತ್ತಲೇ ನಿದ್ದೆ ಹೋಗುತ್ತಾರೆ. ಮನೆಗೆ ಬಂದರೆ ಗುರ್ ಅನ್ನುವ ಫ್ರಿಜ್ಜು ಒಂದೇ. ಕನಿಕರಪಡಲಿ ಎಂದು ಹೇಳುತ್ತಿಲ್ಲ. ಐವತ್ತಾರು ವರ್ಷದ ಹೆಂಗಸು ಅಮೆರಿಕದ ಮರುಭೂಮಿಯ ಕಮರಿಗಳಲ್ಲಿ ಹನ್ನೆರಡು ದಿನ ಒಬ್ಬಳೇ ನಡೆಯಲು ಏಕೆ ಹೊರಟಳು ಎಂದು ಎಲ್ಲರೂ ಕೇಳುತ್ತಾರಲ್ಲ, ಅದಕ್ಕೆ ಹೇಳಿದೆ. ಹೇಗೂ ಒಬ್ಬಳೇ ಇರಬೇಕು, ನಾನೇ ಆರಿಸಿಕೊಂಡ ಜಾಗದಲ್ಲಿ ಇದ್ದು ನೋಡೋಣ ಎನ್ನಿಸಿತ್ತು.

ತಯಾರಿಗೆ ಆರು ತಿಂಗಳು ಹಿಡಿಯಿತು. ಗ್ರೀನ್‌ಫರ್ಡ್‌ನ ಕಿರಾಣಿ ಅಂಗಡಿಯಿಂದ ಹತ್ತು ಕಿಲೋ ಜೋಳದ ಹಿಟ್ಟು ತಂದು, ಭಾರ ಹೊತ್ತು ರೂಢಿಯಾಗಲೆಂದು ಪೊಟ್ಟಣ ಬಿಚ್ಚದೆ ಬೆನ್ನಿನ ಬ್ಯಾಗಿಗೆ ತುಂಬಿ, ಭಾನುವಾರಗಳಂದು ಕಾಲುವೆಯ ದಂಡೆಗುಂಟ ನಡೆಯುತ್ತಿದ್ದೆ. ಒಂದು ದಿನ ಮಳೆಯಲ್ಲಿ ಒಂದು ಪೊಟ್ಟಣ ಒಡೆದು ಬೆನ್ನೆಲ್ಲ ಹಿಟ್ಟಿನ ಗಂಜಿಯಾಯಿತು. ವಾಪಸು ಬರುವಾಗ ಟ್ಯೂಬ್ ರೈಲು ತುಂಬಿತ್ತು, ನನ್ನ ಪಕ್ಕದ ಸೀಟು ಮಾತ್ರ ಮನೆಯವರೆಗೂ ಖಾಲಿ. ಉಳಿದ ಹಿಟ್ಟಿನಲ್ಲಿ ರೊಟ್ಟಿ ಮಾಡಲಿಲ್ಲ. ಒಬ್ಬಳಿಗೋಸ್ಕರ ಯಾರು ರೊಟ್ಟಿ ಬಡಿಯುತ್ತಾ ಕೂರುತ್ತಾರೆ?

ಮಗಳಿಗೆ ಕನ್ನಡ ಎಲ್ಲವೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನು ಹೋಗುವುದು ಖಾಯಂ ಎಂದು ತಿಳಿದ ಮೇಲೆ ಒಂದು ಪುಟ್ಟ ಯಂತ್ರ ತಂದುಕೊಟ್ಟಳು. ಅದರ ಗುಂಡಿ ಒತ್ತಿದರೆ ಎಲ್ಲಿದ್ದರೂ ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಗುತ್ತದಂತೆ.

“ಅಮ್ಮಾ, ಯು ವೋಂಟ್ ಲಾಸ್ಟ್ ಎ ಡೇ,” ಅಂದಳು.

“ನೋಡೂಣಂತ,” ಅಂದೆ. ಸಿಟ್ಟು ನೆತ್ತಿಗೇರಿತ್ತು. ಪ್ರಾಣ ಹೋದರೂ ಮೊದಲ ದಿನವಂತೂ ಆ ಗುಂಡಿ ಒತ್ತುವುದಿಲ್ಲ ಎಂದು ಅಲ್ಲೇ ನಿರ್ಧರಿಸಿಬಿಟ್ಟೆ.

ನಡಿಗೆ ಶುರುವಾಗುವ ಜಾಗಕ್ಕೆ ಅಲ್ಲಿನ ಮುದುಕರೊಬ್ಬರು ತಮ್ಮ ಗಾಡಿಯಲ್ಲಿ ಬಿಟ್ಟರು. ಮಣ್ಣು ರಸ್ತೆಯಲ್ಲಿ ಮೂರು ಗಂಟೆಯ ದಾರಿ. ಒಂದು ಮನೆ ಇಲ್ಲ, ಎದುರಿಗೆ ಒಂದು ಗಾಡಿ ಬರಲಿಲ್ಲ. ಮೊದಲ ಒರತೆ ಇರುವುದು ಪೂರ್ತಿ ಒಂದು ದಿನದ ನಡಿಗೆಯಾಚೆ, ಅಲ್ಲಿಯವರೆಗೆ ಹನಿ ನೀರು ಸಿಗುವುದಿಲ್ಲ, ಆರು ಲೀಟರ್ ಬೇಕೇ ಬೇಕು ಎಂದು ದಾರಿಯಲ್ಲಿ ಎರಡು ಸಲ ಹೇಳಿದರು. ನನ್ನ ಹತ್ತಿರ ಸರಿಯಾಗಿ ಆರು ಲೀಟರ್ ಇತ್ತು, ಎರಡೆರಡು ಲೀಟರಿನ ಮೂರು ಬಾಟಲಿ.

ಅವರು ಬ್ಯಾಗು ಇಳಿಸಿಕೊಟ್ಟು ಹಣೆಯ ಬೆವರು ಒರೆಸಿಕೊಂಡರು. ಅಷ್ಟೇ ಸಾಕಾಯಿತು. ಧಾರವಾಡದ ನಮ್ಮ ಮನೆಗೆ ಪೋಸ್ಟಿನವನು ಬಂದರೂ ಅವ್ವ ಮೊದಲು ಬೆಲ್ಲದ ಚೂರು, ತಂಬಿಗೆ ನೀರು ಕೈಗೆ ಕೊಟ್ಟು ಆಮೇಲೆ ಮಾತಾಡಿಸುತ್ತಿದ್ದಳು. ಪಿನ್ನರ್‌ನಲ್ಲಿ ಬಾಯ್ಲರ್ ರಿಪೇರಿಗೆ ಬಂದವನಿಗೂ ನಾನು ಕೊಟ್ಟಿದ್ದೇನೆ. ಆ ಬೆಲ್ಲವನ್ನು ಅವನು ಮೂಸಿ ನೋಡಿದ್ದ. ಈಗಲೂ ಕೈ ತನ್ನ ಪಾಡಿಗೆ ಬ್ಯಾಗಿನ ಪಕ್ಕದ ಜೇಬಿನಿಂದ ಬೆಲ್ಲ ತೆಗೆಯಿತು, ಒಂದು ಬಾಟಲಿ ತೆಗೆದು ಕೊಟ್ಟಿತು. ನಿನಗೆ ಸಾಕಾಗುತ್ತದೆಯೇ ಎಂದು ಮುದುಕರು ಕೇಳಿದರು. ಧಾರಾಳವಾಗಿ ಇದೆ ಎಂದೆ, ಹಾಗೆ ಕೇಳಿದವರಿಗೆ ಇನ್ನೇನು ಹೇಳುತ್ತಾರೆ! ಅವರು ಬೆಲ್ಲ ಚಪ್ಪರಿಸಿ, ನಾಲ್ಕು ಗುಟುಕು ಕುಡಿದು, ನನ್ನ ಕೈ ಕುಲುಕಿ, ಬಾಟಲಿಯನ್ನು ಮುಂದಿನ ಸೀಟಿನ ಮೇಲಿಟ್ಟುಕೊಂಡು ಹೊರಟೇಬಿಟ್ಟರು.

ಕೊಟ್ಟ ನೀರನ್ನು ವಾಪಸು ಕೇಳಲು ನಮ್ಮ ಮನೆತನದವರಿಗೆ ಬಾಯಿ ಬರುವುದಿಲ್ಲ. ಧೂಳು ಅಡಗುವವರೆಗೂ ಕೈ ಬೀಸುತ್ತಾ ನಿಂತಿದ್ದೆ. ಅವರ ಗಾಡಿಯ ಹಿಂಭಾಗದಲ್ಲಿ ದೊಡ್ಡ ನೀಲಿ ಕ್ಯಾನ್ ತುಂಬ ನೀರಿದ್ದದ್ದು ಆಮೇಲೆ ನೆನಪಾಯಿತು.

ನಾಲ್ಕು ಲೀಟರ್. ಹಿಂದಕ್ಕೆ ಹೋಗೋಣವೆಂದರೆ ಗಾಡಿಗೇ ಮೂರು ಗಂಟೆಯ ದಾರಿ. ಮುಂದಕ್ಕೆ ಒರತೆ. ನಡೆದೆ.

ಕೆಂಪು ಬಂಡೆಗಳ ನಡುವೆ ದಾರಿ ಇಳಿಯಿತು, ಮತ್ತೂ ಇಳಿಯಿತು. ಎರಡೂ ಕಡೆ ಗೋಡೆ, ಮೇಲೆ ಒಂದು ಪಟ್ಟಿ ಆಕಾಶ. ನನ್ನ ಬೂಟಿನ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಲಂಡನ್ನಿನಲ್ಲಿ ಎಷ್ಟೇ ಒಂಟಿಯಾಗಿದ್ದರೂ ಪಕ್ಕದ ಮನೆಯ ಟಿವಿಯಾದರೂ ಕೇಳುತ್ತದೆ. ಇಲ್ಲಿ ನಿಂತರೆ ಕಿವಿಯೊಳಗೆ ನನ್ನದೇ ನಾಡಿ. ಭಯವಾಯಿತು, ಸುಳ್ಳು ಹೇಳುವುದಿಲ್ಲ. ಗಂಟೆಗೆ ಇಷ್ಟು ಗುಟುಕು ಎಂದು ಲೆಕ್ಕ ಹಾಕಿ ಕುಡಿದೆ. ನೀರಿಲ್ಲದಿದ್ದರೆ ಮೂತ್ರಪಿಂಡಕ್ಕೆ ಏನಾಗುತ್ತದೆ ಎಂದು ನನಗೆ ಬೇರೆಯವರು ಹೇಳಬೇಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವ್ವನ ಮೇಲೆ ಕೆಟ್ಟ ಸಿಟ್ಟು ಬಂತು. ಅವಳು ಹೋಗಿ ಹತ್ತು ವರ್ಷವಾಗಿದ್ದರೂ ಬಿಡದೆ ಬೈದೆ. “ನಿನ್ನ ಬೆಲ್ಲ-ನೀರಿನ ಸಲುವಾಗಿ ನಾ ಇಲ್ಲೇ ಸಾಯ್ತೀನಿ ನೋಡವ್ವಾ,” ಎಂದು ಗಟ್ಟಿಯಾಗಿಯೇ ಅಂದೆ. ಬಂಡೆಗಳು ಅದನ್ನೇ ತಿರುಗಿ ಹೇಳಿದವು.

ನಾಲ್ಕು ಗಂಟೆಗೆ ನೀರು ಮುಗಿಯಿತು. ನಕ್ಷೆಯ ಪ್ರಕಾರ ಇನ್ನೂ ಒಂದೂವರೆ ತಾಸಿನ ದಾರಿ. ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಒಂದು ಕಲ್ಲಿನ ನೆರಳಿನಲ್ಲಿ ಕೂತು ಮಗಳು ಕೊಟ್ಟ ಯಂತ್ರ ತೆಗೆದೆ, ಹೆಬ್ಬೆರಳು ಗುಂಡಿಯ ಮೇಲಿಟ್ಟೆ. ಬೇರೆಯವರಿಗಾದರೆ ಒತ್ತು ಎಂದೇ ಹೇಳುತ್ತಿದ್ದೆ. ಹಟಮಾರಿ ಹೆಂಗಸು ನಾನು, ಒಳಗಿಟ್ಟು ಎದ್ದೆ.

ಒಂದು ತಿರುವಿನಲ್ಲಿ ನಾಲ್ಕೈದು ಹಸಿರು ಮರ ಕಂಡವು. ಅವುಗಳ ಹಿಂದೆ ಬಂಡೆಯ ಸಂದಿನಿಂದ ನೂಲಿನಷ್ಟು ಸಣ್ಣಗೆ ನೀರು ಇಳಿಯುತ್ತಿತ್ತು. ಬಾಟಲಿ ಹಿಡಿದು, ತುಂಬಲಿ ಎಂದು ಕಾಯುತ್ತಾ ನಿಂತೆ, ಸೋಸಿಕೊಂಡೆ. ಗಟಗಟ ಕುಡಿಯುವವಳೇ ಇದ್ದೆ. ಅಷ್ಟರಲ್ಲಿ ಕೈ ಮತ್ತೆ ತನ್ನ ಪಾಡಿಗೆ ಜೇಬಿಗೆ ಹೋಗಿ ಒಂದು ಚೂರು ಬೆಲ್ಲ ತೆಗೆಯಿತು. ಸುತ್ತ ನೋಡಿದೆ. ಕೊಡಲು ಯಾರೂ ಇರಲಿಲ್ಲ. ಬಂದವಳು ನಾನೊಬ್ಬಳೇ.

“ಬಂದ್ಯಾ?” ಅಂದೆ. “ಕೂಡು. ಮೊದಲ ನೀರು ಕುಡಿ.”

ಬೆಲ್ಲ ಬಾಯಿಗಿಟ್ಟುಕೊಂಡು ಕೂತೆ. ನೀರಿನ ಜೊತೆಗೇ ಅಳುವೂ ಬಂತು. ಆರು ವರ್ಷದಲ್ಲಿ, ಬಂದ ಕೂಡಲೇ ಯಾರಾದರೂ ನನ್ನ ಕೈಗೆ ನೀರು ಕೊಟ್ಟದ್ದು ಅದೇ ಮೊದಲು.