ಹಿತ್ತಲ ಹೊಂಡದ ಮೀನು

ಸ್ವಚ್ಛ ಎನ್ನುವ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ವಿಜಾಪುರದ ನಮ್ಮ ಮನೆಯ ಹಿತ್ತಲಲ್ಲಿ ಕಲ್ಲು ಕಟ್ಟಿದ ಒಂದು ಹೊಂಡವಿತ್ತು. ಸೆಲೆಯ ನೀರು, ತುಸು ಸವಳು. ಕುಡಿಯಲು ಬರುತ್ತಿರಲಿಲ್ಲ, ಆದರೆ ಬಟ್ಟೆಗೆ, ಎಮ್ಮೆಗೆ, ಬದನೆ ಗಿಡಕ್ಕೆ ಅದೇ ಗತಿ. ಅದಿಲ್ಲದಿದ್ದರೆ ದೂರದ ಬಾವಿಯಿಂದ ಅಷ್ಟೂ ನೀರು ಹೊರಬೇಕಾದವಳು ಯಾರು? ನಾನೇ, ಮನೆಯ ಸೊಸೆ.

ಯುದ್ಧದ ಕಾಲ. ಆ ಬೇಸಿಗೆಯಲ್ಲಿ ಓಣಿ ತುಂಬ ಚಳಿಜ್ವರ. ಮುನ್ಸಿಪಾಲ್ಟಿಯ ಸಾಹೇಬರೊಬ್ಬರು ಬಂದು, ಹೊಂಡದ ನೀರು ಬಟ್ಟಲಲ್ಲಿ ಎತ್ತಿ ಸೊಳ್ಳೆಯ ಮರಿಹುಳ ತೋರಿಸಿದರು.

"ನೀರಿನ ಮ್ಯಾಲ ಚಿಮಣಿ ಎಣ್ಣಿ ಹಾಕ್ರಿ. ಮಹಾನವಮಿ ಆದಮ್ಯಾಲ ಬರ್ತೇನಿ. ಆವಾಗೂ ಹುಳ ಕಂಡ್ವಂದ್ರ ಹೊಂಡ ಮುಚ್ಚಸ್ತೇನಿ ನೋಡ್ರಿ."

ಚಿಮಣಿ ಎಣ್ಣೆಯಂತೆ! ದೀಪಕ್ಕೇ ಸಿಗದ ದಿನಗಳಲ್ಲಿ ನೀರಿಗೆ ಸುರಿಯಬೇಕಂತೆ!

ನಾನು ಮಮದಾಪುರದವಳು, ಕೆರೆಯ ದಂಡೆಯಲ್ಲಿ ಬೆಳೆದವಳು. ಮೀನಿದ್ದ ನೀರಲ್ಲಿ ಸೊಳ್ಳೆ ಮರಿ ಉಳಿಯುವುದಿಲ್ಲವೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕಾರಹುಣ್ಣಿಮೆಗೆ ತವರಿಗೆ ಹೋದವಳು ಒಂದು ಕೊಡದಲ್ಲಿ ಬೆರಳುದ್ದದ ಮೀನುಗಳನ್ನೂ ಒಂದಿಷ್ಟು ನೀರುಬಳ್ಳಿಯನ್ನೂ ತಂದೆ. ಮೋಟಾರಿನಲ್ಲಿ ಯಾರೋ "ಮಜ್ಜಿಗೀನ ಯವ್ವಾ?" ಎಂದರು, ಹೂಂ ಎಂದೆ. ನಮ್ಮದು ಮೀನೆಂದರೆ ಮೂಗು ಮುಚ್ಚುವ ಮನೆ. ಗೊತ್ತಾದರೆ ಅತ್ತೆ ಹೊಂಡವೇ ಮೈಲಿಗೆಯಾಯಿತೆಂದು ಕುಣಿಯುತ್ತಿದ್ದರು. ಅದಕ್ಕೇ ಅವರು ಪೂಜೆಗೆ ಕೂತಾಗ ಬಿಟ್ಟೆ. ಬಳ್ಳಿ ಅರ್ಧ ಹೊಂಡ ಹಬ್ಬಿತು. ಹೆಚ್ಚಾದದ್ದನ್ನು ವಾರಕ್ಕೊಮ್ಮೆ ಕಿತ್ತು ಬದನೆಯ ಬುಡಕ್ಕೆ ಹಾಕುತ್ತಿದ್ದೆ. ಶ್ರಾವಣದ ಹೊತ್ತಿಗೆ ಎಷ್ಟು ಬಟ್ಟಲು ಎತ್ತಿದರೂ ಒಂದೂ ಹುಳವಿಲ್ಲ. ಏನು ಹಿಗ್ಗು ನನಗೆ!

ಮೀನಿನ ವಿಷಯ ಗಂಡನಿಗೆ ಮಾತ್ರ ಗೊತ್ತಿತ್ತು. ಪಂಚಮಿಗೆ ತವರಿಗೆ ಹೊರಟಾಗ ಅವರಿಗೆ ಹೇಳಿದೆ.

"ಹೊಂಡಕ್ಕ ಯಾರೂ ಕೈ ಹಚ್ಚಬಾರದಂತ ಅತ್ತ್ಯಾರಿಗೆ ಹೇಳ್ರಿ."

"ಆತು, ಹೇಳ್ತೇನಿ," ಎಂದರು. ತಿಕೋಟದಲ್ಲಿದ್ದ ತಮ್ಮ ಅಂಗಡಿಯ ಚಿಂತೆಯಲ್ಲೇ ಮುಳುಗಿದ್ದ ಆ ಮಹಾರಾಯರು ಹೇಳಲೇ ಇಲ್ಲ.

ಎಂಟು ದಿನಕ್ಕೆ ತಿರುಗಿ ಬಂದು ನೋಡುತ್ತೇನೆ, ಹೊಂಡ ಬೆಳ್ಳಗೆ ಹೊಳೆಯುತ್ತಿದೆ! ಅತ್ತೆ ಆಳು ಹಚ್ಚಿ ನೀರು ಎತ್ತಿಸಿ, ಬಳ್ಳಿ ಕೀಳಿಸಿ, ಕಲ್ಲು ತಿಕ್ಕಿಸಿ, ತಳದವರೆಗೂ ಸುಣ್ಣ ಬಳಿಸಿದ್ದರು.

"ಸಾಹೇಬ್ರ ಬಂದ್ರ ಹೊಲಸ ತೋರಸೂಣೇನ? ಒಳಗ ಮೀನ ಹೊಕ್ಕಿದ್ವು ಯವ್ವಾ, ಎಲ್ಲಿಂದ ಬಂದ್ವೋ ಶಿವನ ಬಲ್ಲ! ಎಲ್ಲಾ ಬಳದ ಒಗಸೇನಿ. ಈಗ ನೋಡು, ಹೆಂಗ ಕನ್ನಡಿ ಆಗೇತಿ!"

ಹಲ್ಲು ಕಚ್ಚಿ ಅಡುಗೆಮನೆಗೆ ಹೋದೆ. ಅಂದು ನಾನು ರೊಟ್ಟಿ ಬಡಿದ ಸಪ್ಪಳಕ್ಕೆ ಪಕ್ಕದ ಮನೆಯವರು ಹಣಿಕಿ ನೋಡಿದರು. ಗಂಡನ ಮೇಲೆ ಹರಿಹಾಯ್ದೆ. "ಮರತs ಹೋತಲ್ಲ," ಎಂದು ತಲೆ ಕೆರೆದುಕೊಂಡರು. ತವರಿನಿಂದ ಬಂದ ಅಣ್ಣನ ಕೈಲಿ ಮತ್ತೆ ಮೀನು ತರಿಸಿ ಬಿಟ್ಟೆ. ಆ ಸುಣ್ಣದ ನೀರಲ್ಲಿ ಸಂಜೆಯೊಳಗೆ ಹೊಟ್ಟೆ ಮೇಲಾಗಿ ತೇಲಿದವು. ಅತ್ತೆ ನೋಡುವ ಮೊದಲೇ ಬಳಿದು ಬದನೆಯ ಬುಡದಲ್ಲಿ ಹೂತೆ.

ಮಹಾನವಮಿ ಮುಗಿದು ಸಾಹೇಬರು ಬಂದರು. ಅತ್ತೆ ಇಳಕಲ್ ಸೀರೆ ಉಟ್ಟು ತಾವೇ ಮುಂದೆ ನಿಂತು, "ನಾನs ಮಾಡಸೇನ್ರಿ," ಎಂದು ತೋರಿಸಿದರು. ನೀರು ಎಷ್ಟು ತಿಳಿಯಾಗಿತ್ತೆಂದರೆ ಬಟ್ಟಲಲ್ಲಿ ಎತ್ತುವುದೇ ಬೇಕಾಗಲಿಲ್ಲ, ಬಿಳಿಯ ಕಲ್ಲಿನ ಮುಂದೆ ಹುಳಗಳು ನಿಂತಲ್ಲಿಂದಲೇ ಕಂಡವು.

"ಮುಚ್ಚಸ್ರಿ," ಎಂದರು ಸಾಹೇಬರು.

ಮೂರು ದಿನ ಮಣ್ಣಿನ ಗಾಡಿಗಳು ಬಂದವು. ಕೊನೆಯ ಗಾಡಿ ಸುರಿದು ಹೋದ ಮೇಲೆ ಅತ್ತೆ ಹಿತ್ತಲ ಬಾಗಿಲಲ್ಲೇ ಕೂತುಬಿಟ್ಟರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಷ್ಟ ತಿಕ್ಕಿಸಿದ್ನಲ್ಲ, ಮತ್ತ ಯಾಕ ಹುಳಾ ಆದ್ವು? ನಂದೇನ ತಪ್ಪಾತು, ನೀನs ಹೇಳು."

"ನಿಮ್ಮದೇನೂ ತಪ್ಪಿಲ್ರಿ, ಅತ್ತಿ," ಎಂದೆ.

ಅದು ನಿಜವೇ ಆಗಿತ್ತು. ಮೀನು ತಂದು ಬಿಟ್ಟವಳು ನಾನು ಎಂದು ಮಾತ್ರ ಹೇಳಲಿಲ್ಲ. ತಮ್ಮಿಂದಲೇ ಏನೋ ತಪ್ಪಾಗಿ ಹೊಂಡ ಹೋಯಿತೆಂದು ಕೊರಗುತ್ತಲೇ ಅವರು ತೀರಿಕೊಂಡರು, ಆಗಲೂ ನಾನು ಬಾಯಿ ಬಿಡಲಿಲ್ಲ.